ಬಂಡೆಯ ಮೇಲಿನ ಒಂಟಿ ದೀಪ
(ಸುಪೀರಿಯರ್ ಸರೋವರದ ಸ್ಟ್ಯಾನರ್ಡ್ ರಾಕ್ ದೀಪಸ್ತಂಭದ ಕಥೆ)

ದೀಪಸ್ತಂಭ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಡಲತೀರ, ಉಪ್ಪುಗಾಳಿ, ತೆಂಗಿನ ಸಾಲು. ಸರೋವರವೊಂದಕ್ಕೆ ದೀಪಸ್ತಂಭದ ಅಗತ್ಯವಿದೆಯೇ ಎಂದು ಕೇಳಿದರೆ ನಾವು ನಕ್ಕು ಸುಮ್ಮನಾಗಬಹುದು. ಕೆರೆಯ ಈ ದಡದಲ್ಲಿ ನಿಂತರೆ ಆ ದಡದ ಗುಡಿ ಗೋಪುರಗಳು ಕಾಣುವ ನಾಡಿನವರು ನಾವು. ಆದರೆ ಉತ್ತರ ಅಮೆರಿಕದ ಒಂದು ಸರೋವರದ ನಡುವೆ, ಹತ್ತಿರದ ನೆಲದಿಂದ 24 ಮೈಲಿ ದೂರದಲ್ಲಿ, ಮಣ್ಣಾಗಲಿ ಮರವಾಗಲಿ ಇಲ್ಲದ ಕಡೆ ಒಂದು ಕಲ್ಲಿನ ಗೋಪುರ 1882ರಿಂದ ನಿಂತಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ದೀಪಸ್ತಂಭಗಳಲ್ಲಿ ದಡದಿಂದ ಅತ್ಯಂತ ದೂರದಲ್ಲಿರುವುದು ಇದೇ. ಅಲ್ಲಿ ದುಡಿದವರು ಅದಕ್ಕೆ ಇಟ್ಟ ಅಡ್ಡಹೆಸರು 'ಉತ್ತರ ಅಮೆರಿಕದ ಅತ್ಯಂತ ಒಂಟಿಯಾದ ಜಾಗ'.

ಈ ಗೋಪುರದ ಹೆಸರು ಸ್ಟ್ಯಾನರ್ಡ್ ರಾಕ್. ಅದು ಏಕೆ ಹುಟ್ಟಿತು, ಹೇಗೆ ಕಟ್ಟಲ್ಪಟ್ಟಿತು, ಅದರೊಳಗೆ ಯಾರು ಬಾಳಿದರು, ಕೊನೆಗೆ ಏಕೆ ಬರಿದಾಯಿತು ಎಂಬುದನ್ನು ಈ ಪುಟಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಯಂತ್ರಶಿಲ್ಪದ ಸಾಹಸ ಇದರಲ್ಲಿ ಬೇಕಾದಷ್ಟಿದೆ. ಅದರ ಜೊತೆಗೆ, ತಾನು ಯಾರನ್ನು ಕಾಪಾಡಿದೆನೆಂದು ಎಂದೂ ತಿಳಿಯಲಾಗದ ಒಂದು ಕಾವಲಿನ ಕಥೆಯೂ ಇದೆ.

ಸಮುದ್ರದಂತಹ ಸರೋವರ

ಮೊದಲು ಸರೋವರದ ಗಾತ್ರವನ್ನು ಗ್ರಹಿಸೋಣ. ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ಐದು ಮಹಾಸರೋವರಗಳಿವೆ. ಅವುಗಳಲ್ಲಿ ಹಿರಿದಾದುದು ಸುಪೀರಿಯರ್. ಅದರ ವಿಸ್ತೀರ್ಣ ಸುಮಾರು 82,100 ಚದರ ಕಿಲೋಮೀಟರ್; ಅಂದರೆ ನಮ್ಮ ಕರ್ನಾಟಕ ರಾಜ್ಯವನ್ನು ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತಲೂ ತುಸು ಹೆಚ್ಚು. ಉದ್ದ ಸುಮಾರು 560 ಕಿಲೋಮೀಟರ್, ಅತಿ ಆಳ 406 ಮೀಟರ್. ಭೂಮಿಯ ಮೇಲ್ಮೈಯಲ್ಲಿರುವ ದ್ರವರೂಪದ ಸಿಹಿನೀರಿನಲ್ಲಿ ಸುಮಾರು ಹತ್ತನೆಯ ಒಂದು ಭಾಗ ಈ ಒಂದೇ ಪಾತ್ರೆಯಲ್ಲಿದೆ. ಆ ದಡಗಳಲ್ಲಿ ತಲೆತಲಾಂತರದಿಂದ ಬಾಳಿಬಂದ ಓಜಿಬ್ವೆ ಜನರು ಇದನ್ನು 'ಗಿಚಿಗಮಿ' ಎಂದು ಕರೆದರು. ಮಹಾಜಲ, ಮಹಾಸಮುದ್ರ ಎಂಬ ಅರ್ಥ ಆ ಮಾತಿಗಿದೆ. 'ಸುಪೀರಿಯರ್' ಎಂಬುದು ಫ್ರೆಂಚರು ಇಟ್ಟ ಹೆಸರಿನಿಂದ ಬಂದುದು. ಅದಕ್ಕೆ ಶ್ರೇಷ್ಠ ಎಂಬ ಅರ್ಥವಲ್ಲ, ಐದರಲ್ಲಿ ಮೇಲಿನದು ಎಂಬಷ್ಟೇ ಅರ್ಥ.

ಈ ಜಲರಾಶಿಗೆ ಸಮುದ್ರದ ಎಲ್ಲ ಗುಣಗಳೂ ಇವೆ, ಉಪ್ಪೊಂದನ್ನು ಬಿಟ್ಟು. ಬೇಸಿಗೆಯಲ್ಲಿ ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ಗಾಳಿ ಹಾದಾಗ ದಟ್ಟವಾದ ಮಂಜು ಕವಿಯುತ್ತದೆ. ಶರತ್ಕಾಲದಲ್ಲಿ ಬಿರುಗಾಳಿ ಏಳುತ್ತದೆ. ನವೆಂಬರ್ ತಿಂಗಳೆಂದರೆ ಅಲ್ಲಿನ ನಾವಿಕರಿಗೆ ಇಂದಿಗೂ ಎದೆನಡುಕ. ಚಳಿಗಾಲದಲ್ಲಿ ಹಿಮಗಡ್ಡೆಗಳು ಬಂದರುಗಳನ್ನು ಮುಚ್ಚುತ್ತವೆ. ದೀಪಗಳಿಲ್ಲದ ಕಾಲದಲ್ಲಿ ಇಂತಹ ನೀರನ್ನು ದಾಟುವುದೆಂದರೆ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಹೊರಡುವುದೇ ಆಗಿತ್ತು. 1846ರಲ್ಲಿ ಸ್ಲೊವೇನಿಯಾ ಮೂಲದ ಮಿಷನರಿ ಗುರುಗಳಾದ ಫ್ರೆಡರಿಕ್ ಬರಾಗರು ಓಜಿಬ್ವೆ ಜನರ ಬಳಿಗೆ ಹೋಗಲೆಂದು ಒಬ್ಬ ಮಾರ್ಗದರ್ಶಿಯೊಡನೆ ಪುಟ್ಟ ದೋಣಿಯಲ್ಲಿ ಈ ಸರೋವರವನ್ನು ಅಡ್ಡಹಾಯ್ದರು. ನಡುವೆ ಬಿರುಗಾಳಿಗೆ ಸಿಲುಕಿದರು. ಹೇಗೋ ಎದುರು ದಡದ ಒಂದು ಹೊಳೆಯ ಬಾಯಿಗೆ ಬಂದು ಸೇರಿದಾಗ, ಬದುಕಿ ಉಳಿದುದಕ್ಕೆ ಕೃತಜ್ಞತೆಯಾಗಿ ಅಲ್ಲಿ ಮರದ ಶಿಲುಬೆಯೊಂದನ್ನು ನೆಟ್ಟರು. ಆ ಹೊಳೆಗೆ ಇಂದಿಗೂ ಶಿಲುಬೆಯ ಹೊಳೆ ಎಂದೇ ಹೆಸರು. ಮುಂದೆ ಇವರೇ ಆ ಸೀಮೆಯ ಮೊದಲ ಧರ್ಮಾಧ್ಯಕ್ಷರಾದರು. 1866ರಲ್ಲಿ ತಮ್ಮ ಪೀಠವನ್ನು ಮಾರ್ಕ್ವೆಟ್ ಬಂದರಿಗೆ ತಂದರು. ಹದಿನೇಳನೆಯ ಶತಮಾನದ ಯೇಸುಸಭೆಯ ಗುರು ಜಾಕ್ ಮಾರ್ಕ್ವೆಟ್ಟರ ಹೆಸರನ್ನು ಹೊತ್ತ ಈ ಊರು ನಮ್ಮ ಕಥೆಯಲ್ಲಿ ಮತ್ತೆ ಬರಲಿದೆ.

ಬಂಡೆ ಕಂಡ ದಿನ

1835ರಲ್ಲಿ ಅಮೆರಿಕನ್ ಫರ್ ಕಂಪನಿ ಎಂಬ ತುಪ್ಪಳ ವ್ಯಾಪಾರದ ಸಂಸ್ಥೆಯು ಸುಪೀರಿಯರ್ ಸರೋವರದಲ್ಲಿ 'ಜಾನ್ ಜೇಕಬ್ ಆಸ್ಟರ್' ಎಂಬ ಹಾಯಿಹಡಗನ್ನು ನೀರಿಗಿಳಿಸಿತು. ಆ ಹಡಗಿನ ಕಪ್ತಾನ ಚಾರ್ಲ್ಸ್ ಸ್ಟ್ಯಾನರ್ಡ್. ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ, ಅಂದರೆ ಹಡಗಿನ ಮೊದಲ ಪಯಣಗಳ ದಿನಗಳಲ್ಲಿಯೇ, ಸುತ್ತ ನಾಲ್ಕೂ ದಿಕ್ಕಿನಲ್ಲಿ ನೆಲದ ಸುಳಿವೇ ಇಲ್ಲದ ಕಡೆ ಆತನಿಗೆ ನೀರಿನಡಿಯಲ್ಲಿ ಬಂಡೆಗಳ ಸಾಲು ಕಂಡಿತು. ನೂರಾರು ಅಡಿ ಆಳದಿಂದ ಎದ್ದುಬಂದ ಒಂದು ಮುಳುಗಿದ ಬೆಟ್ಟದ ನೆತ್ತಿ ಅದು. ಸುಮಾರು ಕಾಲು ಮೈಲಿ ಉದ್ದಕ್ಕೆ ಹರಡಿಕೊಂಡು, ಕೆಲವೆಡೆ ಮೇಲ್ಮೈಗೆ ನಾಲ್ಕೇ ಅಡಿ ಕೆಳಗೆ ಅಡಗಿ ಕುಳಿತಿತ್ತು. ಹಗಲಾದುದರಿಂದ ಕಪ್ತಾನನು ನೋಡಿದ. ರಾತ್ರಿಯಾಗಿದ್ದರೆ ಹಡಗಿನ ತಳವೇ ಅದನ್ನು ನೋಡುತ್ತಿತ್ತು. ಬಂಡೆಗೆ ಕಪ್ತಾನನ ಹೆಸರೇ ನಿಂತಿತು. ವಿಧಿಯ ವಿಚಿತ್ರವೆಂದರೆ, ಈ ಬಂಡೆಯಿಂದ ಪಾರಾದ ಆಸ್ಟರ್ ಹಡಗು 1844ರಲ್ಲಿ ಕಾಪರ್ ಹಾರ್ಬರ್ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದುಹೋಯಿತು.

ಅಂದು ಆ ಸರೋವರದಲ್ಲಿ ಹಡಗುಗಳೇ ಬೆರಳೆಣಿಕೆಯಷ್ಟು. ಅದಕ್ಕೆ ಕಾರಣವಿತ್ತು. ಸುಪೀರಿಯರ್‌ನ ನೀರು ಕೆಳಗಿನ ಹ್ಯೂರಾನ್ ಸರೋವರಕ್ಕೆ ಇಳಿಯುವ ಸೇಂಟ್ ಮೇರೀಸ್ ನದಿಯಲ್ಲಿ ಸುಮಾರು 21 ಅಡಿಗಳ ಇಳಿತವಿದೆ. ಕಲ್ಲುಗಳ ಮೇಲೆ ಧುಮುಕುವ ಆ ಪ್ರವಾಹವನ್ನು ಹಡಗು ಏರಲಾರದು. ಮೇಲಿನ ಸರೋವರಕ್ಕೆ ಹಡಗು ಬೇಕಾದರೆ ಅಲ್ಲಿಯೇ ಕಟ್ಟಬೇಕು, ಇಲ್ಲವೇ ಕೆಳಗಿನ ಹಡಗನ್ನು ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ನೆಲದ ಮೇಲೆ ಎಳೆದೊಯ್ಯಬೇಕು. ಇಂತಹ ಸ್ಥಿತಿಯಲ್ಲಿ ನಡುನೀರಿನ ಬಂಡೆಯೊಂದರ ಚಿಂತೆ ಯಾರಿಗಿದ್ದೀತು?

1840ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ದಕ್ಷಿಣ ದಡದ ಕೀವೀನಾ ಪರ್ಯಾಯದ್ವೀಪದಲ್ಲಿ ತಾಮ್ರದ ಗಣಿಗಾರಿಕೆ ಆರಂಭವಾಯಿತು. 1844ರಲ್ಲಿ ಮಾರ್ಕ್ವೆಟ್ ಬಳಿಯ ಬೆಟ್ಟಗಳಲ್ಲಿ ಭೂಮಾಪಕರ ದಿಕ್ಸೂಚಿಯ ಮುಳ್ಳು ಅಂಕೆತಪ್ಪಿ ಅಲುಗಾಡಿದಾಗ ಕಬ್ಬಿಣದ ಅದಿರು ಪತ್ತೆಯಾಯಿತು. 1855ರಲ್ಲಿ ಆ ನದಿಯ ಇಳಿತವನ್ನು ದಾಟಿಸುವ ಕಾಲುವೆ ಮತ್ತು ನೀರಬಾಗಿಲುಗಳು ತೆರೆದವು. ಅಲ್ಲಿಂದ ಮುಂದೆ ಅದಿರು, ತಾಮ್ರ, ಧಾನ್ಯ, ಮರಮುಟ್ಟು ಹೊತ್ತ ಹಡಗುಗಳ ಸಾಲು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಕೀವೀನಾ ತುದಿಯನ್ನು ಬಳಸಿ ಕಾಲುವೆಯ ಕಡೆಗೆ ತಿರುಗುವ ಹಡಗುಗಳ ದಾರಿಯ ಹತ್ತಿರವೇ ಸ್ಟ್ಯಾನರ್ಡ್ ಬಂಡೆ ಹೊಂಚಿ ಕುಳಿತಿತ್ತು. 1868ರಲ್ಲಿ ಅಮೆರಿಕದ ದೀಪಸ್ತಂಭ ಮಂಡಳಿಯು ಬಂಡೆಯ ಮೇಲೆ ಒಂದು ಗುರುತುಕಂಬವನ್ನು ನಿಲ್ಲಿಸಿತು. ಹಗಲಿನಲ್ಲಿ ಅದು ಉಪಕಾರಿ. ಇರುಳಲ್ಲಿ, ಮಂಜಿನಲ್ಲಿ, ಅಂದರೆ ನಿಜವಾಗಿ ಬೇಕಾದ ಹೊತ್ತಿನಲ್ಲಿ, ನಿರುಪಯೋಗಿ. ದೀಪವೇ ಬೇಕಾಗಿತ್ತು.

ಅಕ್ಕನಿಂದ ಕಲಿತ ಪಾಠ

ಸ್ಟ್ಯಾನರ್ಡ್ ರಾಕ್‌ಗೆ ಒಬ್ಬ ಹಿರಿಯಕ್ಕನಿದ್ದಾಳೆ. ಅವಳ ಕಥೆ ಹೇಳದೆ ಇವಳ ಕಥೆ ಪೂರ್ಣವಾಗದು. ಹ್ಯೂರಾನ್ ಸರೋವರದ ಉತ್ತರ ಭಾಗದಲ್ಲಿ ಕನ್ನಡಕದ ಎರಡು ಗಾಜುಗಳ ಆಕಾರದಲ್ಲಿ ಹಬ್ಬಿದ ಸುಣ್ಣಕಲ್ಲಿನ ದಿಬ್ಬವೊಂದು ನೀರಿನಡಿಯಲ್ಲಿದೆ. ಆಕಾರದಿಂದಲೇ ಅದಕ್ಕೆ ಸ್ಪೆಕ್ಟಕಲ್ ರೀಫ್ ಎಂಬ ಹೆಸರು. 1867ರ ಶರತ್ಕಾಲವೊಂದರಲ್ಲೇ ಎರಡು ದೊಡ್ಡ ಹಡಗುಗಳು ಅದರ ಮೇಲೆ ಒಡೆದವು. ಹಾಳಾದ ಸರಕಿನ ಬೆಲೆಗಿಂತ ದೀಪಸ್ತಂಭದ ವೆಚ್ಚವೇ ಅಗ್ಗವೆಂದು ಲೆಕ್ಕ ಹಾಕಿದ ಸರ್ಕಾರ 1870ರಲ್ಲಿ ಕೆಲಸಕ್ಕೆ ಕೈಹಾಕಿತು.

ಅದರ ಶಿಲ್ಪಿ ಸೈನ್ಯದ ಎಂಜಿನಿಯರ್ ಒರ್ಲ್ಯಾಂಡೊ ಪೋ. ಈತನ ಬದುಕನ್ನು ಸ್ವಲ್ಪ ನಿಂತು ನೋಡಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಈತನು ಜನರಲ್ ಶೆರ್ಮನ್ ಅವರ ಮುಖ್ಯ ಎಂಜಿನಿಯರ್ ಆಗಿದ್ದನು. 1864ರಲ್ಲಿ ಅಟ್ಲಾಂಟಾ ನಗರದ ರೈಲು ನಿಲ್ದಾಣ, ಉಗ್ರಾಣ, ಕಾರ್ಖಾನೆಗಳನ್ನು ಕೆಡವುವ ಹೊಣೆ ಈತನ ಮೇಲೆ ಬಿದ್ದಿತ್ತು. ನಗರ ಸುಟ್ಟ ಆ ದಿನಗಳನ್ನು ಅಮೆರಿಕದ ದಕ್ಷಿಣ ಸೀಮೆ ಇಂದಿಗೂ ಮರೆತಿಲ್ಲ. ಯುದ್ಧ ಮುಗಿದ ಮೇಲೆ ಅದೇ ಕೈಗಳು ಮಹಾಸರೋವರಗಳಲ್ಲಿ ಒಂದಾದ ಮೇಲೊಂದು ದೀಪ ಹಚ್ಚಿದವು.

ಸ್ಪೆಕ್ಟಕಲ್ ರೀಫ್‌ನಲ್ಲಿ ಬಂಡೆಯು ನೀರಿನ ಕೆಳಗೆ ಸುಮಾರು 11 ಅಡಿ ಆಳದಲ್ಲಿತ್ತು. ನೀರಿನೊಳಗೆ ಗೋಡೆ ಕಟ್ಟುವುದು ಹೇಗೆ? ನಾವು ಬಾವಿ ತೋಡುವಾಗ ಒಸರುವ ನೀರನ್ನು ಎತ್ತಿ ಹೊರಹಾಕಿ ಒಣನೆಲದಲ್ಲಿ ಕಲ್ಲು ಕಟ್ಟುವಂತೆ, ಪೋ ಸರೋವರದ ನಡುವೆಯೇ ಒಂದು ಬಾವಿಯನ್ನು ನಿರ್ಮಿಸಿದನು. ದೂರದ ಬಂದರಿನಲ್ಲಿ 92 ಅಡಿ ಚೌಕದ ಮರದ ಬೃಹತ್ ಚೌಕಟ್ಟನ್ನು ಕಟ್ಟಿಸಿ, 1871ರ ಬೇಸಿಗೆಯಲ್ಲಿ ಅದನ್ನು ತೇಲಿಸಿಕೊಂಡು ಬಂದು, ಕಲ್ಲು ತುಂಬಿ ಬಂಡೆಯ ಮೇಲೆ ಕೂರಿಸಿದರು. ಅದರ ನಡುವೆ 48 ಅಡಿ ಅಗಲದ ತೆರವು ಇತ್ತು. ಆ ತೆರವಿನೊಳಗೆ ನೀರು ನುಗ್ಗದಂತೆ ಮರದ ಆವರಣವನ್ನಿಳಿಸಿ, ಸಂದುಗಳನ್ನು ಮುಚ್ಚಿ, ಹಬೆಯ ಪಂಪುಗಳಿಂದ ನೀರನ್ನು ಬಸಿದರು. ಸುತ್ತಲೂ ಅಲೆಗಳು ತಲೆಗಿಂತ ಎತ್ತರದಲ್ಲಿ ಅಪ್ಪಳಿಸುತ್ತಿರುವಾಗ ಕಲ್ಲುಕುಟಿಗರು ಒಣಗಿದ ಸರೋವರತಳದಲ್ಲಿ ನಿಂತು ಬಂಡೆಯನ್ನು ಸಮತಟ್ಟು ಮಾಡಿದರು. ಮೊದಲ ಸಾಲಿನ ಕಲ್ಲುಗಳನ್ನು ಕಬ್ಬಿಣದ ಮೊಳೆಗಳಿಂದ ಬಂಡೆಗೇ ಬಿಗಿದರು. ಬುಡದಿಂದ 34 ಅಡಿ ಎತ್ತರದವರೆಗೆ ಗೋಪುರದಲ್ಲಿ ಟೊಳ್ಳೇ ಇಲ್ಲ. ಒಂದಕ್ಕೊಂದು ಕಚ್ಚಿಕೊಂಡ ಅಖಂಡ ಕಲ್ಲು.

ಇಷ್ಟು ಬಲ ಅಗತ್ಯವಿತ್ತೇ? 1874ರ ವಸಂತದಲ್ಲಿ ಕೆಲಸಗಾರರು ಮರಳಿ ಬಂದಾಗ ಉತ್ತರ ದೊರೆಯಿತು. ಗಾಳಿ ದೂಡಿ ತಂದ ಹಿಮಗಡ್ಡೆಗಳು ಗೋಪುರಕ್ಕೆ ಒತ್ತಿಕೊಂಡು ನೀರಿನಿಂದ 30 ಅಡಿ ಎತ್ತರಕ್ಕೆ ರಾಶಿ ಬಿದ್ದಿದ್ದವು. ಬಾಗಿಲೇ ಹಿಮದ ಕೆಳಗೆ ಏಳು ಅಡಿ ಆಳದಲ್ಲಿ ಹುದುಗಿತ್ತು. ಕೊಡಲಿ ಗುದ್ದಲಿಗಳಿಂದ ಕಡಿದು ಒಳಗೆ ಹೋಗಿ ನೋಡಿದರೆ ಗೋಪುರ ಅಲುಗಿರಲಿಲ್ಲ. ಅದೇ ಜೂನ್ ತಿಂಗಳಲ್ಲಿ ದೀಪ ಬೆಳಗಿತು. ಇಂತಹ ಕೆಲಸ ಸಾಧ್ಯವೆಂದು ಸಿದ್ಧವಾದ ಮೇಲೆ ಸ್ಟ್ಯಾನರ್ಡ್ ಬಂಡೆಯ ಸರದಿ ಬಂದಿತು.

ಐದು ಬೇಸಿಗೆಗಳ ದುಡಿಮೆ

1877ರಲ್ಲಿ ಕೆಲಸ ಆರಂಭವಾಯಿತು. ಸ್ಪೆಕ್ಟಕಲ್ ರೀಫ್‌ನಲ್ಲಿ ಬಳಸಿದ ದುಬಾರಿ ಯಂತ್ರೋಪಕರಣಗಳೇ ಇಲ್ಲಿಗೂ ಬಂದವು. ಮಿಷಿಗನ್ ದಡದ ಹ್ಯೂರಾನ್ ಕೊಲ್ಲಿಯಲ್ಲಿ ಸಿದ್ಧತೆಯ ನೆಲೆ. ಅಲ್ಲಿ ಮರದ ಚೌಕಟ್ಟು ಸಿದ್ಧವಾಗಬೇಕು, ಅಲ್ಲಿಯೇ ಕಲ್ಲುಗಳು ಅಳತೆಗೆ ಕೂಡಬೇಕು. ಆಮೇಲೆ ಹಡಗಿನಲ್ಲಿ ಸಾಗಿ ಬಂಡೆಯನ್ನು ತಲುಪಬೇಕು. ತಲುಪಿದರೂ ನೀರು ಶಾಂತವಾಗಿರುವ ದಿನ ಮಾತ್ರ ಸಾಮಾನು ಇಳಿಸಲು ಸಾಧ್ಯ. ವರ್ಷದಲ್ಲಿ ಕೆಲಸಕ್ಕೆ ದೊರೆಯುತ್ತಿದ್ದುದು ಬೇಸಿಗೆಯ ಕೆಲವೇ ತಿಂಗಳುಗಳು. ಅಷ್ಟರಲ್ಲಿ ಗಾಳಿ, ಮಂಜು, ಅಲೆಗಳ ಪಾಲು ಕಳೆದರೆ ಉಳಿಯುತ್ತಿದ್ದುದು ಬಹಳ ಸ್ವಲ್ಪ. ಚಳಿಗಾಲ ಬಂದೊಡನೆ ಎಲ್ಲವನ್ನೂ ಬಿಟ್ಟು ದಡ ಸೇರಬೇಕು. ವಸಂತದಲ್ಲಿ ಮರಳಿದಾಗ, ಬಿಟ್ಟುಹೋದದ್ದು ಉಳಿದಿರುತ್ತದೆಯೋ ಇಲ್ಲವೋ ಎಂಬ ಆತಂಕ.

ಈ ಸಲ ಬುಡಕ್ಕೆ 62 ಅಡಿ ವ್ಯಾಸದ ಕಬ್ಬಿಣದ ದುಂಡನೆಯ ಕವಚವನ್ನಿರಿಸಿ ಅದರೊಳಗೆ ಕಾಂಕ್ರೀಟು ತುಂಬಿದರು. ಆ ಕಟ್ಟೆಯ ಮೇಲೆ 78 ಅಡಿಗಳ ಕಲ್ಲಿನ ಗೋಪುರ ಎದ್ದಿತು. ನೀರಿನ ಮಟ್ಟದಿಂದ ದೀಪದವರೆಗೆ ಎತ್ತರ ಸುಮಾರು ನೂರು ಅಡಿ. ಒಟ್ಟು ವೆಚ್ಚ 3,05,000 ಡಾಲರು, ಅಂದಿನ ಕಾಲಕ್ಕೆ ಭಾರೀ ಮೊತ್ತ. 1882ರ ಜುಲೈ 4ರ ರಾತ್ರಿ, ಅಂದರೆ ಆ ದೇಶದ ಸ್ವಾತಂತ್ರ್ಯ ದಿನದಂದು, ಸ್ಟ್ಯಾನರ್ಡ್ ರಾಕ್ ಮೊದಲ ಬಾರಿಗೆ ಬೆಳಗಿತು. ಕಪ್ತಾನನ ಕಣ್ಣಿಗೆ ಬಂಡೆ ಬಿದ್ದು ಆಗ 47 ವರ್ಷ ಕಳೆದಿತ್ತು.

ಗೋಪುರದ ನೆತ್ತಿಯಲ್ಲಿ ಕೂರಿಸಿದ ಗಾಜಿನ ಕಥೆಯನ್ನೂ ಹೇಳಬೇಕು. ಎಣ್ಣೆಯ ದೀಪವೊಂದು ತನ್ನ ಬೆಳಕನ್ನು ನಾಲ್ಕೂ ದಿಕ್ಕಿಗೆ, ಆಕಾಶಕ್ಕೆ, ಪಾದಕ್ಕೆ ಎಲ್ಲೆಲ್ಲಿಯೂ ಚೆಲ್ಲಿ ವ್ಯರ್ಥ ಮಾಡುತ್ತದೆ. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ಎಂಬ ವಿಜ್ಞಾನಿಯು ದಪ್ಪ ಮಸೂರದ ಬದಲು, ಒಂದರ ಸುತ್ತ ಒಂದರಂತೆ ಜೋಡಿಸಿದ ಗಾಜಿನ ಪಟ್ಟಿಗಳಿಂದ ಆ ಚೆಲ್ಲಿದ ಬೆಳಕನ್ನು ಬಗ್ಗಿಸಿ ಒಂದೇ ದಿಕ್ಕಿಗೆ ಕಳಿಸಬಹುದೆಂದು ತೋರಿಸಿದನು. 1823ರಲ್ಲಿ ಅವನ ಮೊದಲ ಮಸೂರ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಬೆಳಗಿತು. ಕ್ಷಯರೋಗದಿಂದ ಬಳಲುತ್ತಿದ್ದ ಆತ 1827ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ವಿಧಾನದ ಮಸೂರಗಳು ಮಾತ್ರ ಮುಂದಿನ ನೂರು ವರ್ಷ ಜಗತ್ತಿನ ಕಡಲುಗಳನ್ನೆಲ್ಲ ಕಾದವು. ಸ್ಟ್ಯಾನರ್ಡ್ ರಾಕ್‌ಗೆ ದೊರೆತದ್ದು ಎರಡನೆಯ ದರ್ಜೆಯ ಫ್ರೆನೆಲ್ ಮಸೂರ. ಮಹಾಸರೋವರಗಳಲ್ಲಿ ಬಳಕೆಯಾದವುಗಳಲ್ಲಿ ಅತಿ ದೊಡ್ಡ ಗಾತ್ರ ಅದು.

ಒಳಗಿದ್ದವರು

ದೀಪಕ್ಕೆ ಎಣ್ಣೆ ಬೇಕು, ಬತ್ತಿ ಬೇಕು. ಅವೆರಡಕ್ಕಿಂತ ಹೆಚ್ಚಾಗಿ ಎಚ್ಚರವಾಗಿರುವ ಮನುಷ್ಯ ಬೇಕು. ದೀಪಪಾಲಕನೂ ಅವನ ಸಹಾಯಕರೂ ವಸಂತದಲ್ಲಿ ಹಿಮ ಕರಗುತ್ತಿದ್ದಂತೆ ಬಂಡೆಗೆ ಹೋಗುವರು. ಡಿಸೆಂಬರ್‌ನಲ್ಲಿ ಹಡಗುಗಳ ಓಡಾಟ ನಿಲ್ಲುವ ಹೊತ್ತಿಗೆ ಹೊರಬರುವರು. ದಡದ ದೀಪಸ್ತಂಭಗಳಲ್ಲಿ ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿ, ಕಾಯಿಪಲ್ಯ ಬೆಳೆದು, ಹಸು ಸಾಕಿ ಬಾಳಿದ ದೀಪಪಾಲಕರಿದ್ದರು. ಸ್ಟ್ಯಾನರ್ಡ್ ರಾಕ್‌ನಲ್ಲಿ ಅದಕ್ಕೆ ಎಡೆಯಿರಲಿಲ್ಲ. ಅದು ಗಂಡಸರು ಮಾತ್ರ ಇರಬೇಕಾದ ಠಾಣೆ. ನಡೆದಾಡಲು ಇದ್ದದ್ದು ಗೋಪುರದ ಸುತ್ತಣ ದುಂಡು ಕಟ್ಟೆ. ಬಿರುಗಾಳಿ ಎದ್ದರೆ ಅದೂ ಇಲ್ಲ; ಬಾಗಿಲು ಬಿಗಿದು ಒಳಗೆ ಕೂರುವುದು, ಗೋಡೆಗೆ ಬಡಿಯುವ ಅಲೆಯ ಸದ್ದು ಕೇಳುವುದು.

ಹಗಲಿನ ಕೆಲಸ ದೀಪದ ಗಾಜನ್ನು ಒರೆಸುವುದು, ಹಿತ್ತಾಳೆಯನ್ನು ಉಜ್ಜುವುದು, ಎಣ್ಣೆಯನ್ನು ಹೊತ್ತು ಮೆಟ್ಟಿಲೇರುವುದು, ದಿನಚರಿ ಪುಸ್ತಕದಲ್ಲಿ ಗಾಳಿ ಮಳೆಗಳನ್ನು ಬರೆಯುವುದು. ರಾತ್ರಿಯ ಕೆಲಸ ಸರದಿಯ ಮೇಲೆ ದೀಪದ ಕಾವಲು. ಮಂಜು ಕವಿದರೆ ಬೆಳಕು ಸಾಲದು. ಬಾಯ್ಲರಿಗೆ ಬೆಂಕಿ ಹಾಕಿ ಹಬೆಯ ಸೀಟಿಯನ್ನು ಊದಿಸುತ್ತಿರಬೇಕು, ಮಂಜು ತೆರೆಯುವವರೆಗೆ, ಅದು ಗಂಟೆಗಳಾಗಲಿ ದಿನಗಳಾಗಲಿ. ಬಿಡುವಿನ ಹೊತ್ತಿಗೆ ಮೀನು ಹಿಡಿಯುವುದಿತ್ತು. ಆ ಬಂಡೆಯ ಸುತ್ತಣ ನೀರು ಟ್ರೌಟ್ ಮೀನಿಗೆ ಹೆಸರಾದುದು. ಓದುವುದೂ ಇತ್ತು. 1876ರಿಂದ ಅಮೆರಿಕದ ದೀಪಸ್ತಂಭ ಸೇವೆಯು ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಒಂಟಿ ಠಾಣೆಗಳಿಗೆ ಕಳಿಸುವ ಏರ್ಪಾಡು ಮಾಡಿತ್ತು. ಒಂದು ಠಾಣೆಯವರು ಓದಿ ಮುಗಿಸಿದ ಪೆಟ್ಟಿಗೆ ಮುಂದಿನ ಠಾಣೆಗೆ ಹೋಗುವುದು. ಸರ್ಕಾರದ ಕಡತವೊಂದು ಒಂಟಿತನವನ್ನೂ ಒಂದು ಹಸಿವೆಂದು ಗುರುತಿಸಿದ ಈ ಸಂಗತಿ ನನಗೆ ಬಹಳ ಹಿಡಿಸಿದೆ.

ಸ್ಟ್ಯಾನರ್ಡ್ ರಾಕ್‌ನ ಒಬ್ಬ ದೀಪಪಾಲಕನು ಒಮ್ಮೆಯೂ ದಡಕ್ಕೆ ಹೋಗದೆ ಸತತ 99 ದಿನ ಅಲ್ಲಿ ಕಳೆದನೆಂದು ಹೇಳುತ್ತಾರೆ. ವಾಚಕರೇ, ಈ ಸಂಖ್ಯೆಯನ್ನು ಓದಿ ಮುಂದಕ್ಕೆ ಹೋಗುವ ಮುನ್ನ ಅದನ್ನು ಮನಸ್ಸಿನಲ್ಲಿ ಬಿಡಿಸಿ ನೋಡಿ. ಮೂರು ತಿಂಗಳಿಗೂ ಮಿಕ್ಕಿ ಅದೇ ಎರಡು ಮೂರು ಮುಖಗಳು, ಅದೇ ದುಂಡು ಕಟ್ಟೆ. ದೂರದಲ್ಲಿ ಹಡಗುಗಳು ಹಾಯುತ್ತವೆ. ದೀಪ ಕಂಡೊಡನೆ ಅವು ದೂರ ಸರಿಯುತ್ತವೆ. ದೀಪ ಅಲ್ಲಿರುವುದೇ ಅವು ಹತ್ತಿರ ಬರಬಾರದೆಂಬುದಕ್ಕಾಗಿ. ತನ್ನ ಕೆಲಸ ಸಫಲವಾದಷ್ಟೂ ತನ್ನ ಬಳಿ ಯಾರೂ ಬಾರದಿರುವ ಇಂತಹ ಸೇವೆ ಲೋಕದಲ್ಲಿ ಅಪರೂಪ.

1961ರ ಜೂನ್

1939ರಲ್ಲಿ ದೀಪಸ್ತಂಭಗಳ ಹೊಣೆ ಅಮೆರಿಕದ ಕರಾವಳಿ ರಕ್ಷಣಾ ಪಡೆಗೆ ಹೋಯಿತು. ಎರಡನೆಯ ಮಹಾಯುದ್ಧದ ನಂತರ ರೇಡಿಯೊ, ರಾಡಾರು, ವಿದ್ಯುತ್ತು ಬಂದಂತೆ ದೂರದ ಠಾಣೆಗಳಲ್ಲಿ ಮನುಷ್ಯರನ್ನಿರಿಸುವ ಅಗತ್ಯ ಕಡಿಮೆಯಾಗುತ್ತ ಬಂತು. ಅರುವತ್ತರ ದಶಕದ ಆರಂಭದಲ್ಲಿ ಸ್ಟ್ಯಾನರ್ಡ್ ರಾಕ್ ಅನ್ನು ಸ್ವಯಂಚಾಲಿತಗೊಳಿಸುವ ನಿರ್ಧಾರವಾಯಿತು. ಅದಕ್ಕಾಗಿ ಕೆಲಸ ನಡೆಯುತ್ತಿತ್ತು. ಇನ್ನು ಕೆಲವೇ ತಿಂಗಳಲ್ಲಿ ಅಲ್ಲಿ ಯಾರೂ ಇರಬೇಕಾದ ಅಗತ್ಯವಿರಲಿಲ್ಲ.

1961ರ ಜೂನ್ 18ರ ರಾತ್ರಿ ಗೋಪುರದ ಬುಡದಲ್ಲಿ ಶೇಖರಿಸಿಟ್ಟ ಇಂಧನ ಸ್ಫೋಟಿಸಿತು. ಅಂದು ಅಲ್ಲಿದ್ದವರು ನಾಲ್ವರು. ಒಬ್ಬನು ಅಸುನೀಗಿದನು. ಉಳಿದವರು ಹೊರಗಿನ ಕಟ್ಟೆಯ ಮೇಲೆ ಬಂದು ಸೇರಿದರು. ವಾಸದ ಕೋಣೆಗಳು ಉರಿದುಹೋದವು. ಶೇಖರಿಸಿಟ್ಟ ಕಲ್ಲಿದ್ದಲು ದಿನಗಟ್ಟಲೆ ಉರಿಯಿತು. ಸಂದೇಶ ಕಳಿಸಲು ದಾರಿಯಿಲ್ಲ, ದೀಪವಿಲ್ಲ. ಬದುಕಿ ಉಳಿದವರು ಸರೋವರದ ಚಳಿಯಲ್ಲಿ ಒಂದು ಟಾರ್ಪಾಲಿನ ಕೆಳಗೆ ಮುದುಡಿಕೊಂಡು ಎರಡು ದಿನ ಕಾದರು. ಕೊನೆಗೆ ಕರಾವಳಿ ಪಡೆಯ 'ವುಡ್‌ರಶ್' ಎಂಬ ಹಡಗು ಅವರನ್ನು ಕಂಡು ಕಾಪಾಡಿತು. ಎಂಬತ್ತು ವರ್ಷಗಳ ಕಾಲ ಇತರರಿಗೆ ಅಪಾಯದ ಸೂಚನೆ ಕೊಟ್ಟ ಗೋಪುರಕ್ಕೆ ತನ್ನ ಅಪಾಯವನ್ನು ಹೇಳಿಕೊಳ್ಳಲು ಬಾಯಿರಲಿಲ್ಲ.

1962ರಲ್ಲಿ ದೀಪ ಸ್ವಯಂಚಾಲಿತವಾಯಿತು. ಮನುಷ್ಯರ ವಾಸ ಮುಗಿಯಿತು. ಗಾಜಿನ ಮಹಾಮಸೂರವನ್ನು ಬಿಚ್ಚಿ ಕೊಂಡೊಯ್ದರು. ಅದು ಎಲ್ಲಿ ಹೋಯಿತೆಂಬುದು ಬಹುಕಾಲ ಮರೆತೇಹೋಗಿತ್ತು. ಕೊನೆಗೆ ಪತ್ತೆಯಾಗಿ ಈಗ ಮಾರ್ಕ್ವೆಟ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಅಕ್ಕ ಸ್ಪೆಕ್ಟಕಲ್ ರೀಫ್ 1972ರಲ್ಲಿ ಸ್ವಯಂಚಾಲಿತವಾಯಿತು.

ಯಂತ್ರದ ಕಾವಲು

ಮನುಷ್ಯರನ್ನು ಹಿಂದಕ್ಕೆ ಕರೆದದ್ದು ತಪ್ಪೆಂದು ಹೇಳಲಾಗದು. ಸಾಲದಕ್ಕೆ ದುಡಿಯುವ ಯಂತ್ರವಿರುವಾಗ ಬಂಡೆಯ ಮೇಲೆ ಮನುಷ್ಯನನ್ನು 99 ದಿನ ಕೂರಿಸುವುದರಲ್ಲಿ ಪುಣ್ಯವೇನೂ ಇಲ್ಲ. 1961ರಲ್ಲಿ ಹೋದ ಪ್ರಾಣವೇ ಅದಕ್ಕೆ ಸಾಕ್ಷಿ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1975ರ ನವೆಂಬರ್ 10ರಂದು ಇದೇ ಸರೋವರದಲ್ಲಿ 'ಎಡ್ಮಂಡ್ ಫಿಟ್ಜ್‌ಜೆರಾಲ್ಡ್' ಎಂಬ ಭಾರೀ ಅದಿರು ಹಡಗು ಬಿರುಗಾಳಿಗೆ ಸಿಲುಕಿ ಮುಳುಗಿತು. ಅದರಲ್ಲಿದ್ದ 29 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಹಡಗು ಆಸರೆಗಾಗಿ ಧಾವಿಸುತ್ತಿದ್ದುದು ವೈಟ್‌ಫಿಶ್ ಭೂಶಿರದ ಕೊಲ್ಲಿಗೆ. ಅಲ್ಲಿನ ದೀಪಸ್ತಂಭವನ್ನು ಕೆಲವೇ ವರ್ಷಗಳ ಹಿಂದೆ ಸ್ವಯಂಚಾಲಿತಗೊಳಿಸಲಾಗಿತ್ತು. ಅಂದಿನ ಬಿರುಗಾಳಿಯಲ್ಲಿ ವಿದ್ಯುತ್ತು ಕಡಿದು, ದೀಪವೂ ರೇಡಿಯೊ ಸಂಕೇತವೂ ಕೆಲಹೊತ್ತು ನಿಂತುಹೋಗಿದ್ದವು. ಹಡಗು ಮುಳುಗಿದ್ದಕ್ಕೆ ಅದೇ ಕಾರಣವೆನ್ನುವಂತಿಲ್ಲ. ನಿಜವಾದ ಕಾರಣದ ಬಗ್ಗೆ ತಜ್ಞರ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೂ, ಕತ್ತಲೆಯಲ್ಲಿ ಆ ಹಡಗಿನ ಕಪ್ತಾನನು ರೇಡಿಯೊದಲ್ಲಿ ದೀಪದ ಬಗ್ಗೆ ವಿಚಾರಿಸಿದ್ದನೆಂಬುದು ದಾಖಲಾಗಿದೆ. ಕಾವಲು ಯಾರ ಕೈಯಲ್ಲೇ ಇರಲಿ, ಕಾಯಬೇಕಾದ ಹೊತ್ತು ಬದಲಾಗುವುದಿಲ್ಲ.

ಸ್ಟ್ಯಾನರ್ಡ್ ರಾಕ್ ಮಾತ್ರ ಬರಿದಾದ ಮೇಲೂ ಸುಮ್ಮನೆ ಕುಳಿತಿಲ್ಲ. ಗೋಪುರದ ಮೇಲಿರುವ ಹವಾಮಾನ ಉಪಕರಣಗಳು ನಡುಸರೋವರದ ಗಾಳಿಯ ವೇಗವನ್ನು ದಡಕ್ಕೆ ತಿಳಿಸುತ್ತವೆ. 2008ರಲ್ಲಿ ಅಮೆರಿಕ ಮತ್ತು ಕೆನಡಾದ ವಿಜ್ಞಾನಿಗಳು ಸರೋವರದ ನೀರು ಆವಿಯಾಗುವ ಪ್ರಮಾಣವನ್ನು ನೇರವಾಗಿ ಅಳೆಯುವ ಸಾಧನಗಳನ್ನು ಅಲ್ಲಿ ಅಳವಡಿಸಿದರು. ನಡುನೀರಿನಲ್ಲಿ ಅದಕ್ಕಿಂತ ಗಟ್ಟಿಯಾದ ನೆಲೆ ಮತ್ತೊಂದು ಸಿಕ್ಕುವುದು ಕಷ್ಟ. ಅವರಿಗೆ ದೊರೆತ ಉತ್ತರ ನಮ್ಮಂತಹ ಉಷ್ಣದೇಶದವರಿಗೆ ಅಚ್ಚರಿ ತರುತ್ತದೆ. ನಮ್ಮ ಕೆರೆಗಳು ಬತ್ತುವುದು ಬೇಸಿಗೆಯ ಬಿಸಿಲಿಗೆ. ಸುಪೀರಿಯರ್ ಅತಿ ಹೆಚ್ಚು ಆವಿಯಾಗುವುದು ಶರತ್ಕಾಲದ ಕೊನೆಯಲ್ಲಿ ಮತ್ತು ಚಳಿಗಾಲದಲ್ಲಿ. ಅಷ್ಟು ಆಳವಾದ ನೀರು ಬೇಸಿಗೆಯ ಶಾಖವನ್ನು ನಿಧಾನವಾಗಿ ಹೀರಿಕೊಂಡು ಒಳಗಿಟ್ಟುಕೊಳ್ಳುತ್ತದೆ. ಉತ್ತರದ ಒಣ ಶೀತಗಾಳಿ ಬೀಸಿದಾಗ ಆ ಶಾಖವೂ ತೇವವೂ ಒಮ್ಮೆಗೇ ಮೇಲೇಳುತ್ತವೆ. ಸರೋವರದ ನೀರಿನ ಮಟ್ಟ ಏರಿಳಿಯುವುದನ್ನು ಅರಿಯಲು ಈ ತಿಳಿವು ಮುಖ್ಯ. ಹವೆ ಬದಲಾಗುತ್ತಿರುವ ನಮ್ಮ ಕಾಲದಲ್ಲಿ ಇನ್ನೂ ಮುಖ್ಯ.

ಲೆಕ್ಕಕ್ಕೆ ಸಿಗದ ಇತಿಹಾಸ

ಈ ಕಥೆಯನ್ನು ಓದುತ್ತ ಓದುತ್ತ ಇತಿಹಾಸದ ಒಂದು ಸ್ವಭಾವ ಗಮನಕ್ಕೆ ಬರುತ್ತದೆ. ಸ್ಪೆಕ್ಟಕಲ್ ರೀಫ್ ಮೇಲೆ 1867ರಲ್ಲಿ ಎರಡು ಹಡಗುಗಳು ಒಡೆದವು ಎಂಬುದು ದಾಖಲೆಯಲ್ಲಿದೆ. ಅಟ್ಲಾಂಟಾ ಸುಟ್ಟದ್ದು ದಾಖಲೆಯಲ್ಲಿದೆ. ಫಿಟ್ಜ್‌ಜೆರಾಲ್ಡ್ ಹಡಗಿನ 29 ಮಂದಿಯ ಹೆಸರುಗಳು ದಾಖಲೆಯಲ್ಲಿವೆ, ಇರಲೇಬೇಕು. ಆದರೆ ಸ್ಟ್ಯಾನರ್ಡ್ ದೀಪವನ್ನು ಕಂಡು ದಾರಿ ತಿರುಗಿಸಿದ ಹಡಗುಗಳೆಷ್ಟು? ಅವುಗಳಲ್ಲಿದ್ದ ನಾವಿಕರು ಎಷ್ಟು ಮಂದಿ ಮನೆ ಸೇರಿ ಉಂಡು ಮಲಗಿದರು? ಆ ಲೆಕ್ಕ ಎಲ್ಲಿಯೂ ಇಲ್ಲ, ಇರಲೂ ಸಾಧ್ಯವಿಲ್ಲ. ನಡೆದ ಅನಾಹುತಕ್ಕೆ ತಾರೀಖು ಇರುತ್ತದೆ. ನಡೆಯದೆ ಹೋದ ಅನಾಹುತಕ್ಕೆ ತಾರೀಖು ಇರುವುದಿಲ್ಲ. ಒರ್ಲ್ಯಾಂಡೊ ಪೋ ಕೆಡವಿದ್ದು ಪಠ್ಯಪುಸ್ತಕ ಸೇರಿತು. ಅವನು ಹಚ್ಚಿದ ದೀಪಗಳಿಂದ ಉಳಿದವರು ತಾವು ಉಳಿದೆವೆಂಬುದನ್ನೂ ಅರಿಯದೆ ಮುಂದೆ ಸಾಗಿದರು. ಆತನು 1895ರಲ್ಲಿ, ಮೇಲೆ ಹೇಳಿದ ಆ ಕಾಲುವೆಯ ಹೊಸ ನೀರಬಾಗಿಲಿನ ಕೆಲಸ ನಡೆಯುತ್ತಿದ್ದಾಗ ಅಲ್ಲಿ ತಗುಲಿದ ಗಾಯದಿಂದಲೇ ತೀರಿಕೊಂಡನು.

ಪ್ರಿಯ ವಾಚಕರೇ, ನಮ್ಮ ಮನೆಗಳಲ್ಲಿ, ಊರುಗಳಲ್ಲಿ ಇಂತಹ ದೀಪಪಾಲಕರು ಇಂದಿಗೂ ಇದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವ ದಾದಿ, ಮಳೆಯಲ್ಲಿ ಹಳಿಯ ಮೇಲೆ ನಡೆದು ನೋಡುವ ರೈಲ್ವೆಯ ಗ್ಯಾಂಗ್‌ಮ್ಯಾನ್, ಊರು ಮಲಗಿದ ಮೇಲೆ ಕಂಬ ಹತ್ತುವ ಲೈನ್‌ಮ್ಯಾನ್, ಹಾಸಿಗೆ ಹಿಡಿದ ಅತ್ತೆಯ ಪಕ್ಕದಲ್ಲಿ ವರ್ಷಗಟ್ಟಲೆ ಎಚ್ಚರವಿರುವ ಸೊಸೆ. ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ ದಿನ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವಾದ್ದರಿಂದ ನಾವು ಯಾರೂ ಗಮನಿಸುವುದಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಎಲ್ಲರೂ ಕೇಳುತ್ತೇವೆ. ಈ ಅನ್ಯಾಯವನ್ನು ಇತಿಹಾಸ ಸರಿಪಡಿಸಲಾರದು, ಏಕೆಂದರೆ ಅದರ ಬಳಿ ಕಾಗದಪತ್ರವಿಲ್ಲ. ನೆರೆಯವರಾದ ನಾವು ಸರಿಪಡಿಸಬಹುದು. ಅದಕ್ಕೆ ಬೇಕಾದುದು ಒಂದು ವಿಚಾರಣೆ, ಒಂದು ಕೃತಜ್ಞತೆಯ ಮಾತು, ಆಗಾಗ ಒಂದು ರಾತ್ರಿಯ ಸರದಿಯನ್ನು ನಾವು ವಹಿಸಿಕೊಳ್ಳುವ ಮನಸ್ಸು.

ಸ್ಟ್ಯಾನರ್ಡ್ ಬಂಡೆಯ ಮೇಲೆ ಈಗ ಯಾರೂ ಇಲ್ಲ. ಚಳಿಗಾಲದಲ್ಲಿ ಅಲೆಗಳ ತುಂತುರು ಗೋಪುರದ ಮೇಲೆ ಪದರಪದರವಾಗಿ ಹೆಪ್ಪುಗಟ್ಟಿ, ಅದು ಹಿಮದ ಸ್ತಂಭದಂತೆ ಕಾಣುತ್ತದೆ. ವಸಂತದಲ್ಲಿ ಹಿಮ ಕರಗುತ್ತದೆ, ಅದಿರಿನ ಹಡಗುಗಳು ಮತ್ತೆ ಹೊರಡುತ್ತವೆ. ಕತ್ತಲಾದಾಗ ಯಂತ್ರದ ದೀಪ ತನ್ನಷ್ಟಕ್ಕೆ ಮಿನುಗುತ್ತದೆ. ದೂರದಿಂದ ಅದನ್ನು ಕಂಡ ಹಡಗು ತುಸು ಬಳಸಿ ಹೋಗುತ್ತದೆ.